ಉಮ್ಮರ್ ಮಲಗುವ ತಿಂಗಳು

ಚಾರ್ಮಾಡಿಯ ಉಮ್ಮರ್ ರಾತ್ರಿ ಎರಡು ಗಂಟೆಗೆ ಏಳುತ್ತಾನೆ. ಮೂವತ್ತೊಂದು ವರ್ಷದಿಂದ ಏಳುತ್ತಿದ್ದಾನೆ. ಮುಖಕ್ಕೆ ನೀರು, ಹೊಟ್ಟೆಗೆ ಒಂದು ಲೋಟ ಕಪ್ಪು ಚಹಾ, ಹಣೆಗೆ ಬ್ಯಾಟರಿ ದೀಪ, ಕೈಯಲ್ಲಿ ಬಕೆಟ್, ಸೊಂಟದಲ್ಲಿ ಕತ್ತಿ. ರಬ್ಬರ್ ಟ್ಯಾಪಿಂಗ್ ಅವನ ಕೆಲಸ. ಬಿಸಿಲು ಏರಿದರೆ ಮರ ಹಾಲು ಬಿಡುವುದಿಲ್ಲ. ತಂಪು ಇರುವಾಗಲೇ ತೊಗಟೆಯ ಮೇಲೆ ತೆಳ್ಳಗೆ ಒಂದು ಗೆರೆ ಕೆತ್ತಬೇಕು, ಹಾಲು ತೊಟ್ಟಿಕ್ಕಲು ಕೆಳಗೆ ಚಿಪ್ಪು ಇಡಬೇಕು, ಮುಂದಿನ ಮರಕ್ಕೆ ಹೋಗಬೇಕು. ರಾತ್ರಿಗೆ ಮುನ್ನೂರೈವತ್ತು ಮರ. ಬೆಳಗಾದ ಮೇಲೆ ಹಾಲು ಎತ್ತಿ, ಹೆಪ್ಪುಗಟ್ಟಿ ರಬ್ಬರ್ ಶೀಟ್ ಆಗಲು ತಟ್ಟೆಗೆ ಹಾಕಿ, ಹನ್ನೊಂದು ಗಂಟೆಗೆ ಮನೆಗೆ ಬಂದು ಮಲಗುತ್ತಾನೆ. ಊರು ದುಡಿಯುವಾಗ ಅವನು ಗೊರಕೆ ಹೊಡೆಯುತ್ತಾನೆ.

ಇಂಥವನ ಮೇಲೆ ಅನುಮಾನ ಬರದೆ ಇರುತ್ತದಾ? ಹಗಲು ಮಲಗುವವನು ಸೋಮಾರಿ, ರಾತ್ರಿ ನಡೆಯುವವನು ಕಳ್ಳ. ಉಮ್ಮರ್ ಎರಡೂ ಹೌದು. ಘಾಟಿ ರಸ್ತೆಗೆ ಕಾಲಿಟ್ಟರೆ ಬೈಕ್ ನಿಲ್ಲುತ್ತದೆ, ಟಾರ್ಚು ಮುಖಕ್ಕೆ ಬೀಳುತ್ತದೆ. “ಯಾರದು? ಹೆಸರೆಂತ? ಬಕೆಟಿನಲ್ಲಿ ಎಂತ ಉಂಟು?” ಪೊಲೀಸರು ಕೇಳಿದ್ದಾರೆ, ಪೊಲೀಸರಲ್ಲದವರು ಅದಕ್ಕಿಂತ ಹೆಚ್ಚು ಸಲ ಕೇಳಿದ್ದಾರೆ. ಹೆಸರು ಹೇಳಿದ ಮೇಲೆ ಪ್ರಶ್ನೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಉಮ್ಮರ್ ಬಕೆಟ್ ಬಗ್ಗಿಸಿ ತೋರಿಸುತ್ತಾನೆ. ಖಾಲಿ ಬಕೆಟ್ ನೋಡಿದರೂ ಅವರಿಗೆ ಸಮಾಧಾನ ಇಲ್ಲ, ‘ಖಾಲಿ ಬಕೆಟ್ ಹಿಡಿದು ಈ ಹೊತ್ತಿಗೆ ಎಲ್ಲಿಗೆ?’ ಎಂದು ಇನ್ನೊಂದು ಪ್ರಶ್ನೆ.

ಕಾರ್ಮಿಕ ಸಂಘದವರಾದ ನಾವೂ ಸಾಚಾ ಅಲ್ಲ. ಹದಿನೆಂಟು ವರ್ಷದ ಹಿಂದೆ ತೋಟದಲ್ಲಿ ಹಾವು ಕಚ್ಚಿ ಸತ್ತ ಒಬ್ಬ ಟ್ಯಾಪರ್‌ನ ಮನೆಯವರಿಗೆ ಪರಿಹಾರ ಕೊಡಿ ಎಂದು ಬೆಳ್ತಂಗಡಿಯಲ್ಲಿ ಒಂಬತ್ತು ದಿನ ಧರಣಿ ಕೂತಿದ್ದೆವು. ಉಮ್ಮರ್ ದಿನಾ ಬರುತ್ತಿದ್ದ. ಶಾಮಿಯಾನದ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಭಾಷಣ ಶುರುವಾದ ಕೂಡಲೇ ನಿದ್ದೆ. ಘೋಷಣೆ ಕೂಗಿದರೂ ಏಳುವುದಿಲ್ಲ. ನಾವು ನಾಲ್ಕು ಮುಖಂಡರು ಸೇರಿ ತೀರ್ಮಾನ ಮಾಡಿಬಿಟ್ಟೆವು: ಇವನು ತೋಟದ ಧಣಿಗಳು ಕಳಿಸಿದ ಜನ, ಕಣ್ಣು ಮುಚ್ಚಿ ಕಿವಿ ತೆರೆದು ಕೂತಿದ್ದಾನೆ. ಅವನು ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದೆವು. ರಾತ್ರಿಯೆಲ್ಲ ಮರ ಕೆತ್ತಿ ಹಗಲು ಧರಣಿಗೆ ಬರುತ್ತಿದ್ದಾನೆ ಎಂಬುದು ಒಬ್ಬನ ತಲೆಗೂ ಹೋಗಲಿಲ್ಲ. ಕಾರ್ಮಿಕರ ಪರವಾಗಿ ಗಂಟಲು ಹರಿದುಕೊಳ್ಳುವ ನಮಗೆ ಕಾರ್ಮಿಕ ಯಾವಾಗ ಮಲಗುತ್ತಾನೆ ಎಂದು ಗೊತ್ತಿರಲಿಲ್ಲ.

ಹೋದ ವರ್ಷ ಜನವರಿಯಲ್ಲಿ ಅವನ ಹೆಸರು ಮತ್ತೆ ನನ್ನ ಎದುರು ಬಂತು. ಈ ಸಲ ಒಂದು ಪದ್ಯದ ಕೆಳಗೆ.

ಮೂಡುಬಿದಿರೆಯಲ್ಲಿ ಒಂದು ಸಾಹಿತ್ಯ ಬಳಗ ಉಂಟು, ಹೆಸರು ಬೇಡ. ಪ್ರತಿ ವರ್ಷ ವಸಂತ ಕವಿಗೋಷ್ಠಿ ಮಾಡುತ್ತಾರೆ. ಪದ್ಯ ಆರಿಸುವ ಸಮಿತಿಗೆ ನನ್ನನ್ನೂ ಹಾಕಿದ್ದರು, ಚಳವಳಿಯವ ಒಬ್ಬ ಇರಲಿ ಎಂದು. ಅಧ್ಯಕ್ಷರು ನಿವೃತ್ತ ಕನ್ನಡ ಉಪನ್ಯಾಸಕರು. ಕಾರ್ಯದರ್ಶಿ ಮನೀಷ್, ಮುದ್ರಣಾಲಯ ಇಟ್ಟುಕೊಂಡ ಹುಡುಗ. ಅರವತ್ತೆರಡು ಪದ್ಯ ಬಂದಿತ್ತು. ಅರವತ್ತೊಂದರಲ್ಲಿ ಮಾವು ಚಿಗುರಿತು, ಕೋಗಿಲೆ ಕೂಗಿತು, ಪ್ರಕೃತಿ ಎಚ್ಚೆತ್ತಿತು. ರಾತ್ರಿ ಎಂದರೆ ಬೆಳದಿಂಗಳು, ನಿದ್ದೆಗೆಟ್ಟವರೆಲ್ಲ ಪ್ರೇಮಿಗಳು. ಹೊಟ್ಟೆಪಾಡಿಗೆ ನಿದ್ದೆಗೆಟ್ಟವನು ಒಬ್ಬನೂ ಇಲ್ಲ.

ಅಧ್ಯಕ್ಷರು ಕೊನೆಯ ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. “ಇದನ್ನು ಓದಿ.”

ಐದೇ ಸಾಲು ಇತ್ತು.

*ಎಲೆ ಉದುರಿ ಮುಗಿಯಿತು.*
*ಮುನ್ನೂರೈವತ್ತು ಗಾಯಗಳಿಗೆ ರಜೆ.*
*ಕತ್ತಿಗೆ ಎಣ್ಣೆ ಹಚ್ಚಿ ಸೂರಿಗೆ ಸಿಕ್ಕಿಸಿದ್ದೇನೆ.*
*ವಸಂತ ಬಂತು, ದೀಪ ಆರಿಸು,*
*ಇನ್ನು ನಾನೂ ಎಲ್ಲರ ಹಾಗೆ ಕತ್ತಲಲ್ಲಿ ಮಲಗುತ್ತೇನೆ.*

“ಚೆನ್ನಾಗಿ ಉಂಟಲ್ಲ,” ಎಂದೆ.

“ಅದೇ ನನಗೆ ಸಂಶಯ. ವಸಂತದಲ್ಲಿ ಎಲೆ ಉದುರುವುದು ಎಲ್ಲಿ ಮಾರಾಯ್ರೆ? ಶಿಶಿರದಲ್ಲಿ ಉದುರ್ತದೆ, ವಸಂತದಲ್ಲಿ ಚಿಗುರ್ತದೆ. ಶಾಲೆ ಮಕ್ಕಳಿಗೂ ಗೊತ್ತುಂಟು. ಇದು ಯಾವುದೋ ಹೊರದೇಶದ ಪದ್ಯ, ಯುದ್ಧದಲ್ಲಿ ಗಾಯ ಆದ ಸೈನಿಕನದ್ದು. ಕನ್ನಡಕ್ಕೆ ಮಾಡಿ ಕೆಳಗೆ ಹೆಸರು ಹಾಕಿದ್ದಾರೆ. ಋತು ಬದಲಾಯಿಸ್ಲಿಕ್ಕೆ ಹೋಗಿ ಸಿಕ್ಕಿಬಿದ್ದಿದ್ದಾರೆ.”

“ಇಲ್ಲದಿದ್ರೆ ಮೊಬೈಲ್ ಬರೆದದ್ದು ಸರ್,” ಎಂದ ಮನೀಷ್. “ಈಗ ಅದರ ಹತ್ರ ಕೇಳಿದ್ರೆ ಎಂತ ಬೇಕಾದ್ರೂ ಬರೆದು ಕೊಡ್ತದೆ. ಕಳಿಸಿದ್ದು ಮಗಳ ನಂಬರಿನಿಂದ. ನಾನು ಫೋನ್ ಮಾಡಿದೆ, ಆ ಜನ ತುಳು ಬಿಟ್ಟು ಒಂದು ಶಬ್ದ ಕನ್ನಡ ಮಾತಾಡ್ಲಿಲ್ಲ. ಇದು ನೋಡಿದ್ರೆ ಅಚ್ಚ ಪುಸ್ತಕದ ಕನ್ನಡ.”

ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದ. “ಮತ್ತೊಂದು ಉಂಟು ಸರ್. ಕತ್ತಿ, ಗಾಯ, ಕತ್ತಲೆ. ಕೆಳಗೆ ಹೆಸರು ನೋಡಿ. ಯಾರಾದ್ರೂ ವಿಡಿಯೋ ಮಾಡಿ ಹಾಕಿದ್ರೆ ನಾವು ಎಲ್ಲಿ ಹೋಗುವುದು?”

ಬಾಗಿಲು ಹಾಕಿ ಆಡಿದ ಈ ಮಾತೇ ಅಸಲು, ಉಳಿದದ್ದೆಲ್ಲ ಅದರ ಮೇಲೆ ಹೊದೆಸಿದ ಬಟ್ಟೆ. ನಾನು ಮೇಜು ಗುದ್ದಬೇಕಿತ್ತು. ಗುದ್ದಲಿಲ್ಲ. ನಾನು ಬಂಟ್ವಾಳದ ಬೀಡಿ ಸಂಘದವ, ಟ್ಯಾಪರ್‌ಗಳ ಧರಣಿಗೆ ಬೆಂಬಲಕ್ಕೆ ಕೂತವ, ರಬ್ಬರ್ ಎಂದರೆ ನನಗೆ ಟಯರು. ವಸಂತದಲ್ಲಿ ಎಲೆ ಉದುರುವುದು ನನಗೂ ಹೊಸತು. ಹೆಸರು ನೋಡಿದ ಮೇಲಂತೂ ಧರಣಿಯಲ್ಲಿ ನಿದ್ದೆ ಹೊಡೆಯುತ್ತಿದ್ದ ಆ ಮುಖ ನೆನಪಾಗಿ, ಹಳೆಯ ಅನುಮಾನ ಮೈಮುರಿದು ಎದ್ದಿತು. “ನಾನೇ ಹೋಗಿ ನೋಡಿ ಬರ್ತೇನೆ,” ಎಂದೆ.

ಬಂಟ್ವಾಳದಿಂದ ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ಚಾರ್ಮಾಡಿಗೆ ಇನ್ನೊಂದು. ಮುಟ್ಟುವಾಗ ಹನ್ನೊಂದೂವರೆ. ಜಗಲಿಯಲ್ಲಿ ಹೆಂಡತಿ ಜುಲೈಕಾ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು.

“ಉಮ್ಮರ್ ಮಲಗಿದ್ದಾರಾ?” ಎಂದು ತುಳುವಿನಲ್ಲಿ ಕೇಳಿದೆ.

“ಇಲ್ಲ, ಎದ್ದೇ ಇದ್ದಾರೆ. ವರ್ಷಕ್ಕೆ ಈ ಒಂದು ತಿಂಗಳು ನನಗೆ ಹಗಲು ಎಚ್ಚರ ಇರುವ ಗಂಡ ಸಿಗುವುದು. ಅದರಲ್ಲೂ ನಿಮ್ಮಂಥವರು ಬರ್ತೀರಿ,” ಎಂದಳು. ಕೈ ನಿಲ್ಲಲಿಲ್ಲ.

ಉಮ್ಮರ್ ಹೊರಗೆ ಬಂದ. ಐವತ್ತನಾಲ್ಕು ವರ್ಷ, ಸಣಕಲು ಮೈ, ಬಲಗೈಯ ಬೆರಳು ಕತ್ತಿ ಹಿಡಿದೇ ಬಾಗಿವೆ. ನನ್ನ ಗುರುತು ಅವನಿಗೂ ಸಿಕ್ಕಿತು. ಕಪ್ಪು ಚಹಾ ಬಂತು. ನಾನು ಬಂದ ಕಾರಣ ಹೇಳದೆ ಸುತ್ತು ಹಾಕಿದೆ. ಎಷ್ಟನೇ ಕ್ಲಾಸಿನವರೆಗೆ ಓದಿದ್ದು? ಏಳನೇ. ಪುಸ್ತಕ ಓದುವುದುಂಟಾ? ಉಂಟು, ಲೈಬ್ರರಿಯಿಂದ ತಂದು. ಯಾರ ಪುಸ್ತಕ? ಸಿಕ್ಕಿದವರದ್ದು. ಹೊರದೇಶದವರದ್ದೂ ಓದಿದ್ದೀರಾ? ಪದ್ಯ ಯಾವಾಗ ಬರೆದದ್ದು? ಯಾರೆದುರು?

ಉಮ್ಮರ್ ನಕ್ಕ. “ನೀವು ಟಾರ್ಚು ತರಲಿಲ್ವಾ?”

“ಎಂತ?”

“ಅಲ್ಲ, ಪ್ರಶ್ನೆ ಎಲ್ಲ ಅದೇ. ಟಾರ್ಚು ಒಂದು ಇಲ್ಲ.”

ಮುಖಕ್ಕೆ ಹೊಡೆದ ಹಾಗಾಯಿತು. ಇದ್ದದ್ದನ್ನು ಹೇಳಿದೆ, ಪದ್ಯ ನಿಮ್ಮದಲ್ಲ ಅಂತ ಸಮಿತಿಯವರಿಗೆ ಸಂಶಯ, ಕದ್ದದ್ದು ಅಂತಾರೆ.

ಜುಲೈಕಾ ಮೊರ ಕೆಳಗಿಟ್ಟು ನಗಾಡಿದಳು. “ಕದಿಯುವುದಾದ್ರೆ ಉಪಯೋಗದ್ದು ಎಂತಾದ್ರೂ ಕದಿಯಲಿಕ್ಕಿಲ್ವಾ ಮಾರ್ರೆ? ಪದ್ಯ ಕದ್ದು ಎಂತ ಮೀನಿನ ಪುಳಿಮುಂಚಿ ಮಾಡ್ಲಿಕ್ಕಾ? ಜಸ್ನಾ ಕಳಿಸ್ತೇನೆ ಅಂದಾಗಲೇ ಬೇಡ ಹೇಳಿದ್ದೆ. ನನ್ನ ಮಾತು ಯಾರಿಗೆ ಬೇಕು!”

ಜಸ್ನಾ ಮಗಳು, ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಟೀಚರ್. ಅಪ್ಪ ಅವಳ ಹಳೆಯ ನೋಟು ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಿಟ್ಟದ್ದರ ಫೋಟೋ ತೆಗೆದು ಕಳಿಸಿದವಳು ಅವಳೇ. ಉಮ್ಮರ್ ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುತ್ತಾನೆ, ರಸ್ತೆಯಲ್ಲಿ ತುಳು. ಕನ್ನಡ ಅವನಿಗೆ ಬರೇ ಓದಲು ಬರೆಯಲು. ಅದಕ್ಕೇ ಅವನ ಕನ್ನಡ ಪುಸ್ತಕದ ಹಾಗೆ ಇರುವುದು, ಬೇರೆ ಕನ್ನಡ ಅವನ ಕಿವಿಗೆ ಬಿದ್ದೇ ಇಲ್ಲ.

“ಬನ್ನಿ, ಹೋಗುವ,” ಎಂದು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದ.

ಮುನ್ನೂರೈವತ್ತು ಮರ ಬೋಳು ನಿಂತಿದ್ದವು. ಕಾಲಿನ ಕೆಳಗೆ ಪಾದ ಮುಳುಗುವಷ್ಟು ತರಗೆಲೆ, ಹೆಜ್ಜೆಗೆ ಹಪ್ಪಳ ಮುರಿದ ಸದ್ದು. ತಲೆ ಎತ್ತಿ ನೋಡಿದರೆ ತುದಿಯಲ್ಲಿ ತಾಮ್ರದ ಬಣ್ಣದ ಎಳೆ ಚಿಗುರು. ಯಾರೋ ಜೇನಿನ ಪೆಟ್ಟಿಗೆ ತಂದು ಸಾಲಾಗಿ ಇಟ್ಟಿದ್ದರು. ಪ್ರತಿ ಮರದ ಸೊಂಟದ ಹತ್ತಿರ ಓರೆಯಾಗಿ ಕೆತ್ತಿದ ಗಾಯ, ಹಾಲು ಒಣಗಿ ಕಪ್ಪಾದದ್ದು.

“ನಮ್ಮ ವಸಂತ ಹೀಗೆ,” ಎಂದ ಉಮ್ಮರ್. “ಎಲೆ ಪೂರ ಬಿದ್ದ ಮೇಲೆ ಕೆತ್ತಬಾರದು. ಚಿಗುರು ಬಲಿಯುವವರೆಗೆ ಬಿಡಬೇಕು, ಇಲ್ಲದಿದ್ರೆ ಮರ ಸೋಲ್ತದೆ. ಆ ಒಂದು ತಿಂಗಳು ನಾನು ರಾತ್ರಿ ಮಲಗ್ತೇನೆ. ಮೊದಲ ನಾಲ್ಕು ದಿನ ನಿದ್ದೆ ಬರುವುದಿಲ್ಲ, ಎರಡು ಗಂಟೆಗೆ ಎದ್ದು ಕೂರುವುದು. ಆಮೇಲೆ ಬರ್ತದೆ ನೋಡಿ, ಕಲ್ಲಿನ ಹಾಗೆ. ಈ ಸಲ ಉಪವಾಸದ ತಿಂಗಳೂ ಹತ್ತಿರ ಬಂತು. ಅದಕ್ಕಿಂತ ಮೊದಲು ಸಿಕ್ಕಿದಷ್ಟು ಮಲಗುವ ಅಂತ.”

ಕೋಗಿಲೆ ಎಲ್ಲಿಯೂ ಕೂಗಲಿಲ್ಲ.

“ಇದನ್ನೇ ಒಂದು ಕಾಗದದಲ್ಲಿ ಬರೆದು ಕೊಡಿ. ಅವರಿಗೆ ತೋರಿಸ್ತೇನೆ,” ಎಂದೆ.

“ಇಲ್ಲ.”

“ಎಂತಕ್ಕೆ?”

“ಮಾವು, ಕೋಗಿಲೆ ಅಂತ ಬರೆದವರ ಮನೆಗೂ ಹೋದ್ರಾ ನೀವು? ನಿಮ್ಮ ಕೋಗಿಲೆ ತೋರಿಸಿ ಅಂತ ಕೇಳಿದ್ರಾ?”

ಅವನು ಕಾಲಿನಲ್ಲಿ ಎಲೆ ಸರಿಸುತ್ತಾ ಹೇಳಿದ: “ಮೂವತ್ತೊಂದು ವರ್ಷ ಕತ್ತಲಲ್ಲಿ ಕೇಳಿದವರಿಗೆಲ್ಲ ಹೆಸರು ಹೇಳಿದ್ದೇನೆ. ಒಂದು ಸಲ ಹಗಲಿನಲ್ಲಿ ಯಾರಾದ್ರೂ ಮೈಕಿನಲ್ಲಿ ಕರೀಲಿ. ನಾನು ಹೋಗಿ ಓದಿ ಬರ್ತೇನೆ. ನನಗೆ ಶಾಲು ಬೇಡ, ಹಾರ ಬೇಡ.”

ನೋಡಿದ್ದನ್ನು ಸಮಿತಿಗೆ ಹೇಳಿದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. “ಹೌದಾ? ಉಜಿರೆ ಹತ್ರ ನಮ್ಮದೂ ಮೂರು ಎಕ್ರೆ ರಬ್ಬರ್ ಉಂಟು ಮಾರಾಯ್ರೆ. ಟ್ಯಾಪರ್ ನೋಡಿಕೊಳ್ತಾನೆ. ನಾನು ಶೀಟ್ ಮಾತ್ರ ನೋಡಿದ್ದು.” ಪದ್ಯ ಆಯ್ಕೆಯಾಯಿತು. ಆದರೆ ಮನೀಷನಿಗೆ ಧೈರ್ಯ ಸಾಲಲಿಲ್ಲ. ನನ್ನೆದುರೇ ಉಮ್ಮರ್‌ಗೆ ಫೋನ್ ಹಚ್ಚಿ, ಅಣ್ಣ ಎನ್ನುವ ಹಾಗೆ ಹೆಸರಿಗೆ ‘ಆಕ’ ಸೇರಿಸಿ, ತುಳುವಿನಲ್ಲಿ ಶುರುಮಾಡಿದ.

“ಉಮ್ಮರಾಕ, ಒಂದು ಸಣ್ಣ ತಿದ್ದುಪಡಿ. ಗಾಯ ತೆಗೆದು ಹೂವು ಹಾಕುವನಾ? ಮುನ್ನೂರೈವತ್ತು ಹೂವುಗಳಿಗೆ ರಜೆ.”

“ಹೂವಿಗೆ ಎಂತಕ್ಕೆ ರಜೆ?” ಆ ಕಡೆಯ ದನಿ ನನಗೂ ಕೇಳಿಸಿತು.

“ಹಾಗಲ್ಲ... ಕತ್ತಿ, ಗಾಯ ಅಂದ್ರೆ ಜನ ತಪ್ಪು ತಿಳಿಯುವುದು ಬೇಡ ಅಂತ.”

“ಕತ್ತಿ ನೋಡಿದ್ರೆ ತಿಳಿಯುವುದಿಲ್ವಾ?”

“ಆಯ್ತು, ಆಯ್ತು. ನಿಮ್ಮದು ಹಾಗೆಯೇ ಇರಲಿ. ಓದುವ ಮೊದಲು ಜನರಿಗೆ ಸ್ವಲ್ಪ ಅರ್ಥ ಆಗುವ ಹಾಗೆ ಮಾಡಿ.”

ಮನೀಷ್ ಹೇಳಿದ್ದು ಎರಡು ಮಾತು ವಿವರಣೆ ಕೊಡಿ ಎಂದು. ಟ್ಯಾಪರ್‌ಗೆ ಅರ್ಥವಾದದ್ದು ಬೇರೆ. ಹೊಸ ಹುಡುಗರಿಗೆ ಕೆಲಸ ಕಲಿಸುವಾಗ ಉಮ್ಮರ್ ಬಾಯಿ ಬಿಡುವುದಿಲ್ಲ, ಕತ್ತಿ ಕೈಗೆ ಕೊಡುತ್ತಾನೆ. ಅರ್ಥ ಮಾಡಿಸುವುದು ಎಂದರೆ ಅವನಿಗೆ ಅದೇ.

ಫೆಬ್ರವರಿ ಮೂರನೇ ಭಾನುವಾರ, ಮೂಡುಬಿದಿರೆಯ ಒಂದು ಮದುವೆ ಹಾಲ್. ಇಪ್ಪತ್ತು ಜನ ಕವಿಗಳು, ಉಮ್ಮರ್ ಹದಿನಾಲ್ಕನೆಯವ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಒಂಬತ್ತನೆಯ ಕವಿಯ ಕೋಗಿಲೆ ಕೂಗುತ್ತಿರುವಾಗ ಜಸ್ನಾ ಓಡಿ ಬಂದಳು. ಅವಳನ್ನು ನೋಡುವುದು ಅದೇ ಮೊದಲು. ಚಳವಳಿಯ ಸರ್ ನೀವೇ ಅಲ್ವಾ, ಉಪ್ಪನನ್ನು, ನನ್ನ ಅಪ್ಪನನ್ನು, ಒಳಗೆ ಕೂರಿಸಿದ್ದಾರೆ, ಬೇಗ ಬನ್ನಿ ಎಂದಳು. ಉಸಿರು ಸಿಗುತ್ತಿರಲಿಲ್ಲ.

ವೇದಿಕೆಯ ಪಕ್ಕದಲ್ಲಿ ಮದುಮಗಳ ಕೋಣೆ. ಗೋಡೆ ತುಂಬ ಕನ್ನಡಿ, ಮೂಲೆಯಲ್ಲಿ ಒಣಗಿದ ಮಲ್ಲಿಗೆ. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಉಮ್ಮರ್, ಇಸ್ತ್ರಿ ಹಾಕಿದ ಬಿಳಿ ಅಂಗಿ. ಮೇಜಿನ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿ ತಂದ ಟ್ಯಾಪಿಂಗ್ ಕತ್ತಿ, ಗೇಣುದ್ದದ ಹಿಡಿ, ತುದಿ ಬಾಗಿದ್ದು. ಮುಖ್ಯ ಅತಿಥಿ ದೊಡ್ಡ ಮನುಷ್ಯ ಎಂದು ಬಾಗಿಲಲ್ಲಿ ಚೀಲ ನೋಡುತ್ತಿದ್ದರಂತೆ. ಎದೆಗೆ ಬ್ಯಾಡ್ಜ್ ಸಿಕ್ಕಿಸಿದ ಒಬ್ಬ ಸ್ವಯಂಸೇವಕ ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದ. ಯಾರು ಅವನಿಗೆ ಆ ಅಧಿಕಾರ ಕೊಟ್ಟರೋ.

“ಹೆಸರು?”

“ಉಮ್ಮರ್.”

“ತಂದೆ?”

“ಇದಿನಬ್ಬ. ತೀರಿಹೋಗಿದ್ದಾರೆ.”

“ಇದು ಎಂತಕ್ಕೆ ತಂದದ್ದು?”

“ತೋರಿಸ್ಲಿಕ್ಕೆ.”

“ಯಾರಿಗೆ?”

“ಎಲ್ಲರಿಗೂ.”

ಸ್ವಯಂಸೇವಕ ಪೆನ್ನು ನಿಲ್ಲಿಸಿ, ಪಕ್ಕದಲ್ಲಿ ನಿಂತಿದ್ದ ಮನೀಷನ ಮುಖ ನೋಡಿದ. ಮನೀಷ್ ನೆಲ ನೋಡಿದ. ಅಷ್ಟರಲ್ಲಿ ಅಧ್ಯಕ್ಷರೂ ಬಂದರು. ಕತ್ತಿಯನ್ನು ಕೈಗೆತ್ತಿಕೊಂಡು, ಅದರ ಬಾಯಿ ಯಾವುದು ಬೆನ್ನು ಯಾವುದು ಗೊತ್ತಾಗದೆ ಹಾಗೆ ಹೀಗೆ ತಿರುಗಿಸಿ, ಮೆಲ್ಲ ಕೆಳಗಿಟ್ಟರು. ಮೂರು ಎಕರೆ ರಬ್ಬರಿನ ಧಣಿ!

“ಅದು ಅವರ ಕೆಲಸದ ಕತ್ತಿ ಮಾರಾಯ! ನೀನು ರಬ್ಬರ್ ತೋಟ ನೋಡ್ಲಿಲ್ವಾ?” ಎಂದು ನಾನು ಕೂಗಿದೆ.

“ನೀವು ಸ್ವಲ್ಪ ಸುಮ್ಮನೆ ಇರಿ ಸರ್,” ಎಂದ ಸ್ವಯಂಸೇವಕ. ಸಿಟ್ಟೂ ಮಾಡಲಿಲ್ಲ. “ಪದ್ಯ ಬರೆದು ಕೊಟ್ಟದ್ದು ನೀವೇ ಅಂತ ಹೊರಗೆ ಮಾತಾಡ್ತಾ ಇದ್ದಾರೆ. ಅವರ ಮನೆಗೆ ಹೋಗಿ ಬಂದದ್ದೂ ನೀವೇ ಅಲ್ವಾ?”

ನಾನು ಉಮ್ಮರ್ ಮನೆಗೆ ಹೋದದ್ದು ಅನುಮಾನ ತೀರಿಸಲು. ಈಗ ನೋಡಿದರೆ ನನ್ನ ಚಪ್ಪಲಿಯ ಗುರುತೇ ಸಾಕ್ಷಿ. ಉಮ್ಮರ್ ನನ್ನ ಕಡೆ ತಿರುಗಿ ನೋಡಿದ. ಅದು ಮರುಕವೂ ಅಲ್ಲ, ಬೈಗುಳವೂ ಅಲ್ಲ. ಕನ್ನಡಿಯಲ್ಲಿ ಇನ್ನೂ ನಾಲ್ಕು ಉಮ್ಮರ್‌ಗಳು ನೋಡಿದರು.

“ಬರುವಾಗ ಜೊತೆಗೆ ಯಾರೆಲ್ಲ ಇದ್ರು?” ಎಂದು ಸ್ವಯಂಸೇವಕ ಮುಂದುವರಿಸಿದ.

“ಹೆಂಡತಿ, ಮಗಳು.”

“ಯಾವ ಬಸ್ಸು?”

“ಆರು ಗಂಟೆಯ ಬಸ್ಸು.”

“ಅಷ್ಟು ಬೇಗ ಎಂತಕ್ಕೆ?”

ಒಬ್ಬರ ಹಿಂದೆ ಒಬ್ಬರು ಕವಿಗಳು ಮುಗಿಯುತ್ತಿದ್ದರು, ಚಪ್ಪಾಳೆ ಗೋಡೆ ದಾಟಿ ಕೇಳುತ್ತಿತ್ತು. ಪ್ರಶ್ನೆ ಮುಗಿಯಲಿಲ್ಲ. ಆಗ ಮೈಕಿನಿಂದ ಒಬ್ಬಳು ಹುಡುಗಿಯ ದನಿ ಬಂತು.

“ಮುಂದಿನ ಕವಿ, ಚಾರ್ಮಾಡಿಯ ಶ್ರೀ ಉಮ್ಮರ್.”

ನಿರೂಪಣೆ ಮಾಡುವ ಹುಡುಗಿಗೆ ಒಳಗಿನ ಕತೆ ಗೊತ್ತಿರಲಿಲ್ಲ, ಪಟ್ಟಿಯಲ್ಲಿದ್ದದ್ದನ್ನು ಓದಿದಳು.

“ಶ್ರೀ ಉಮ್ಮರ್ ಅವರು ಎಲ್ಲಿದ್ದರೂ ವೇದಿಕೆಗೆ ಬರಬೇಕು.”

ಅಧ್ಯಕ್ಷರು ಮನೀಷನಿಗೆ ಕೈಸನ್ನೆ ಮಾಡಿದರು. ಮುಂದಿನವರನ್ನು ಕರೆಯಲು ಹೇಳು ಎಂಬ ಅರ್ಥ. ಮನೀಷ್ ಬಾಗಿಲ ಕಡೆ ಹೊರಟ. ಅವನಿಗಿಂತ ಮೊದಲು ಉಮ್ಮರ್ ಎದ್ದು ನಿಂತಿದ್ದ.

“ಕೂತ್ಕೊಳ್ಳಿ, ಮುಗೀಲಿಲ್ಲ,” ಎಂದ ಸ್ವಯಂಸೇವಕ.

“ಕರೀತಾ ಇದ್ದಾರಲ್ಲ,” ಎಂದ ಉಮ್ಮರ್. “ಹೋಗಿ ಬರ್ತೇನೆ.”

ಅಂಗಿಯ ಮುಂಭಾಗ ಒಮ್ಮೆ ಎಳೆದು ಸರಿಮಾಡಿಕೊಂಡ. ಕತ್ತಿಯ ಕಡೆ ಕೈ ಚಾಚಲಿಲ್ಲ. ವೇದಿಕೆಯ ಕಡೆಗಿದ್ದ ಬಾಗಿಲು ತೆಗೆದು ಹೊರಟೇಹೋದ. ತಡೆಯಬೇಕೋ ಬಿಡಬೇಕೋ ಎಂದು ಇವರು ಲೆಕ್ಕ ಹಾಕುವಷ್ಟರಲ್ಲಿ ಅವನು ಮೈಕಿನ ಎದುರು ಇದ್ದ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಗಣ್ಯರಿಗೆ ನಮಸ್ಕಾರ ಇಲ್ಲ, ಸಭಿಕರಿಗೆ ವಂದನೆ ಇಲ್ಲ, ವಿವರಣೆ ಇಲ್ಲ. ಕೈಯಲ್ಲಿ ಕಾಗದವೂ ಇರಲಿಲ್ಲ. ಮೈಕು ಅವನ ಗಲ್ಲದ ಕೆಳಗಿತ್ತು, ಎತ್ತರ ಮಾಡಿಕೊಳ್ಳಲು ಬರಲಿಲ್ಲ, ಸ್ವಲ್ಪ ಬಗ್ಗಿದ. ಐದು ಸಾಲು ಹೇಳಿದ. ಗಾಯ ಎಂಬಲ್ಲಿ ಗಾಯ ಎಂದೇ ಹೇಳಿದ. ಕತ್ತಲಲ್ಲಿ ಮಲಗುತ್ತೇನೆ ಎಂದು ಹೇಳಿ ಸುಮ್ಮನೆ ನಿಂತ. ಇನ್ನೂ ಉಂಟು ಎಂದು ಜನ ಕಾದರು. ಇಲ್ಲ ಎಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿಂದಿನ ಸಾಲಿನಲ್ಲಿ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು, ಜುಲೈಕಾ ಇರಬೇಕು, ಬೇರೆಯವರೂ ಇರಬಹುದು. ಮುಂದಿನ ಸಾಲು ತಟ್ಟಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉಮ್ಮರ್ ಅದೇ ಬಾಗಿಲಿನಿಂದ ಒಳಗೆ ಬಂದ. ಅದೇ ಕುರ್ಚಿ ಎಳೆದು ಕೂತ. ಎರಡೂ ಕೈ ಮೊಣಕಾಲಿನ ಮೇಲಿಟ್ಟ.

“ಹಾಂ, ಈಗ ಕೇಳಿ,” ಎಂದ. “ಎಲ್ಲಿಗೆ ನಿಲ್ಲಿಸಿದ್ದು? ಬಸ್ಸು. ಬೇಗ ಎಂತಕ್ಕೆ ಅಂತ ಕೇಳಿದ್ರಿ ಅಲ್ವಾ?”

ಸ್ವಯಂಸೇವಕ ಬರೆದದ್ದನ್ನು ಒಮ್ಮೆ ನೋಡಿಕೊಂಡ, ಪೆನ್ನಿನ ಮುಚ್ಚಳ ಹಾಕಿದ. ಅಧ್ಯಕ್ಷರಿಗೆ ಹೊರಗೆ ಕೆಲಸ ನೆನಪಾಯಿತು. ಆದರೂ ಕತ್ತಿ ಕೊಡಲಿಲ್ಲ. ಕಾರ್ಯಕ್ರಮ ಮುಗಿಯಲಿ, ಅತಿಥಿಗಳು ಹೋಗಲಿ, ಆಮೇಲೆ ನೋಡುವ ಎಂದರು.

ಮೂರು ಗಂಟೆಗೆ ಕೊಟ್ಟರು. ಸಹಿ ಹಾಕಿಸಿಕೊಂಡೇ ಕೊಟ್ಟರು.